ನಿಮ್ಮ ತಮ್ಮ ಹಡಗು ಹತ್ತುವ ಮೊದಲು ಹಡಗಿನ ಒಡೆಯ ಯಾರೆಂದು ನೋಡಿ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಒಂದು ಟ್ಯಾಂಕರ್ ಹಡಗಿನ ಇಂಜಿನ್ ರೂಮಿನಲ್ಲಿ ವೈಪರ್ (ಯಂತ್ರ ಒರೆಸಿ ಶುಚಿ ಮಾಡುವ) ಕೆಲಸ ಸಿಕ್ಕಿದೆ. ಹಡಗು ನೈಜೀರಿಯಾ ಕಡೆಗೂ ಹೋಗುತ್ತದಂತೆ. ಕಡಲ್ಗಳ್ಳರ ಸುದ್ದಿ ಕೇಳಿದಾಗಿನಿಂದ ಅಮ್ಮನಿಗೆ ಊಟ ಸೇರುತ್ತಿಲ್ಲ. 'ಅದೆಲ್ಲ ಹತ್ತು ವರ್ಷದ ಹಿಂದಿನ ಕಥೆ, ಈಗ ನೌಕಾಪಡೆ ಇದೆ' ಎಂದು ತಮ್ಮ ನಗುತ್ತಾನೆ. ನಿಜವಾ? ಒಂದು ವೇಳೆ ಹಿಡಿದರೆ ಏನಾಗುತ್ತದೆ? ಸಂಬಳ ಬರುತ್ತದಾ? ಆ ಕಡೆ ಹೋಗುವುದಿಲ್ಲ ಅನ್ನಬಹುದಾ? (ಕುಮಟಾ ಕಡೆಯ ಓದುಗರು)

ಉತ್ತರ: ನಿಮ್ಮ ತಮ್ಮ ಹೇಳಿದ್ದು ಅರ್ಧ ನಿಜ. ಸೊಮಾಲಿಯಾದ ಹಾವಳಿ ಜೋರಾಗಿದ್ದಾಗ ನಾನು ಏಡನ್ ಕೊಲ್ಲಿಯಲ್ಲಿ ಹೋಗಿ ಬಂದವನು. ಆಗಿನಷ್ಟು ಕೆಟ್ಟ ಕಾಲ ಈಗಿಲ್ಲ. ಆದರೆ ಮುಗಿದ ಕಥೆಯೂ ಅಲ್ಲ. ನೀವು ಕೇಳದ ಇನ್ನೊಂದು ಪ್ರಶ್ನೆ ಇದೆ, ನನಗೆ ಅದೇ ಮುಖ್ಯ ಅನಿಸುತ್ತದೆ: ಆ ಟ್ಯಾಂಕರಿನ ಮಾಲೀಕ ಯಾರು? ಯಾಕೆ ಹೀಗೆ ಕೇಳುತ್ತೇನೆ ಎಂದು ಮುಂದೆ ಹೇಳುತ್ತೇನೆ.

ಮೊದಲು ಸೊಮಾಲಿಯಾ. 1991ರಲ್ಲಿ ಅಲ್ಲಿ ಸರ್ಕಾರವೇ ಕುಸಿಯಿತು. ಕಾವಲಿಲ್ಲದ ಕಡಲಿಗೆ ಹೊರದೇಶದ ಟ್ರಾಲರ್‌ಗಳು ನುಗ್ಗಿ ಮೀನು ಬಾಚಿದವು. 'ನಾವು ನಮ್ಮ ಕಡಲು ಕಾಯುವವರು' ಎಂದು ಶುರುವಾದದ್ದು ಕೆಲವೇ ವರ್ಷದಲ್ಲಿ ಪಕ್ಕಾ ವ್ಯಾಪಾರವಾಯಿತು. ಬಂಡವಾಳ ಹಾಕುವವನು ಒಬ್ಬ, ದೋಣಿ ಕೊಡುವವನು ಒಬ್ಬ, ಒತ್ತೆಯಾಳುಗಳಿಗೆ ಅಡುಗೆ ಮಾಡುವವನು ಇನ್ನೊಬ್ಬ. ಕಾವಲಿನ ಹುಡುಗರು ದಿನವಿಡೀ ಖಾತ್ ಎಂಬ ಎಲೆ ಜಗಿಯುತ್ತಾರೆ. ನಮ್ಮಲ್ಲಿ ಎಲೆ ಅಡಿಕೆ ಇದ್ದಂತೆ, ಆದರೆ ಅಮಲು ಜಾಸ್ತಿ. ಅದೂ ಸಾಲದ ಲೆಕ್ಕಕ್ಕೆ. ದುಡ್ಡು ಬಂದ ಮೇಲೆ ಪಾಲಿನಲ್ಲಿ ಮುರಿದುಕೊಳ್ಳುತ್ತಾರೆ. 2005ರಿಂದ 2012ರವರೆಗೆ ಈ ಭಾಗದಲ್ಲಿ ಕೈಬದಲಾದ ಒತ್ತೆಹಣ 33.9 ಕೋಟಿಯಿಂದ 41.3 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿತ್ತು. ಬಂದೂಕು ಹಿಡಿದು ಹಗ್ಗದೇಣಿ ಹತ್ತುವ ಹುಡುಗನಿಗೆ ಅದರಲ್ಲಿ ಸಿಗುತ್ತಿದ್ದದ್ದು ಮೂವತ್ತರಿಂದ ಎಪ್ಪತ್ತೈದು ಸಾವಿರ ಡಾಲರ್. ಉಳಿದದ್ದು ಕಡಲು ನೋಡದ ಸಾಹುಕಾರರಿಗೆ.

2010 ಅತಿ ಕೆಟ್ಟ ವರ್ಷ. ಆ ಒಂದೇ ವರ್ಷ ಜಗತ್ತಿನಲ್ಲಿ 1,181 ನಾವಿಕರು ಒತ್ತೆಯಾಳಾದರು, 8 ಜನ ಸತ್ತರು. ಆ ಕಾಲದಲ್ಲಿ ನಾವು ಹಡಗಿನ ಸುತ್ತ ಮುಳ್ಳುತಂತಿಯ ಸುರುಳಿ ಕಟ್ಟುತ್ತಿದ್ದೆವು. ನೀರಿನ ಹೋಸ್‌ಗಳನ್ನು ಹೊರಮುಖವಾಗಿ ಬಿಗಿದು ಹಗಲೂ ರಾತ್ರಿ ನೀರು ಬಿಡುತ್ತಿದ್ದೆವು. ಹಳೆಯ ಬಾಯ್ಲರ್ ಸೂಟಿಗೆ ಚಿಂದಿ ತುಂಬಿ, ತಲೆಗೆ ಹೆಲ್ಮೆಟ್ ಇಟ್ಟು, ಹಿಂಬದಿಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆವು. ಗದ್ದೆಯ ಬೆರ್ಚಪ್ಪನಂತೆಯೇ! ನಗು ಬರುತ್ತಿತ್ತು, ಆದರೆ ರಾತ್ರಿ ಎರಡು ಗಂಟೆಗೆ ರೇಡಾರಿನಲ್ಲಿ ಒಂದು ಸಣ್ಣ ಚುಕ್ಕೆ ಕಂಡರೆ ನಗು ಹೋಗುತ್ತಿತ್ತು. ಹೆಚ್ಚಿನ ಸಲ ಅದು ಯಾವನೋ ಬಡ ಮೀನುಗಾರನ ದೋಣಿ. ಅದು ಗೊತ್ತಾಗುವವರೆಗಿನ ಇಪ್ಪತ್ತು ನಿಮಿಷ ಇದೆಯಲ್ಲ, ಅದೇ ಮನುಷ್ಯನನ್ನು ಸವೆಸುತ್ತದೆ. ಯಾವತ್ತೂ ಸಿಕ್ಕಿಹಾಕಿಕೊಳ್ಳದ ನಾವಿಕನೂ ಈ ಬೆಲೆ ತೆತ್ತಿದ್ದಾನೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಮೇಲೆ ನೌಕಾಪಡೆಗಳು ಬಂದವು. ಭಾರತದ್ದು 2008ರ ಅಕ್ಟೋಬರಿನಿಂದಲೇ ಅಲ್ಲಿದೆ. ಹಡಗುಗಳು ಬಂದೂಕುಧಾರಿ ಕಾವಲುಗಾರರನ್ನು ಇಟ್ಟುಕೊಂಡವು. 2012ರ ಮೇ ತಿಂಗಳ ನಂತರ ದೊಡ್ಡ ಹಡಗು ಹಿಡಿಯುವುದು ಹತ್ತಿರ ಹತ್ತಿರ ನಿಂತೇಹೋಯಿತು. 2023ರ ಜನವರಿಗೆ ಅಲ್ಲಿನ ಅಪಾಯದ ವಲಯದ ಗುರುತನ್ನೇ ಹಡಗು ಉದ್ಯಮದವರು ತೆಗೆದುಹಾಕಿದರು. ಒಂದು ವರ್ಷ ತುಂಬಲಿಲ್ಲ. ಆ ಡಿಸೆಂಬರಿನಲ್ಲೇ 'ರೂಯೆನ್' ಎಂಬ ಹಡಗು ಅಪಹರಣವಾಯಿತು. ಕಳ್ಳರು ಅದನ್ನೇ ತಾಯಿಹಡಗು, ಅಂದರೆ ನಡುಗಡಲಿನ ನೆಲೆ, ಮಾಡಿಕೊಂಡು ಓಡಾಡತೊಡಗಿದರು. 2024ರ ಮಾರ್ಚ್ 16ರಂದು ನಮ್ಮ ಐಎನ್‌ಎಸ್ ಕೋಲ್ಕತಾ ಸುಮಾರು 40 ಗಂಟೆ ಕಾರ್ಯಾಚರಣೆ ಮಾಡಿ 17 ನಾವಿಕರನ್ನು ಬಿಡಿಸಿತು. ವಿಮಾನದಿಂದ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ಕಡಲಿಗೆ ಇಳಿದಿದ್ದರು. 35 ಕಡಲ್ಗಳ್ಳರನ್ನು ಮುಂಬೈಗೆ ತಂದರು. ಇನ್ನೂ ಇತ್ತೀಚೆಗೆ, 2025ರ ನವೆಂಬರಿನಲ್ಲಿ, ಗುಜರಾತಿನ ಸಿಕ್ಕಾದಿಂದ ಪೆಟ್ರೋಲ್ ತುಂಬಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಹೊರಟಿದ್ದ 'ಹೆಲ್ಲಾಸ್ ಅಫ್ರೋಡೈಟ್' ಟ್ಯಾಂಕರನ್ನು ಸೊಮಾಲಿಯಾದ ಆಚೆ ಹತ್ತಿದರು. ಒಳಗಿದ್ದ 24 ಜನ ಸಿಟಡೆಲ್‌ನಲ್ಲಿ ಅಡಗಿ ಕುಳಿತರು. ಸ್ಪೇನಿನ ಯುದ್ಧನೌಕೆ ಬಂದು ಅವರನ್ನು ಬಿಡಿಸಿತು.

ಸಿಟಡೆಲ್ ಎಂದರೆ ಹಡಗಿನ ಒಳಗೇ ಇರುವ ಭದ್ರ ಕೋಣೆ. ಸಾಮಾನ್ಯವಾಗಿ ಇಂಜಿನ್ ರೂಮಿನ ಕಡೆ. ನೀರು, ತಿಂಡಿ, ರೇಡಿಯೋ ಇಟ್ಟಿರುತ್ತಾರೆ. ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಕಳ್ಳರ ಕೈಗೆ ಹಡಗು ಸಿಕ್ಕರೂ ಜನ ಸಿಗುವುದಿಲ್ಲ. ಜನ ಸಿಗದಿದ್ದರೆ ಅವರ ವ್ಯಾಪಾರ ನಡೆಯುವುದಿಲ್ಲ. ಆದರೆ ಒಬ್ಬನೇ ಒಬ್ಬ ಹೊರಗೆ ಉಳಿದರೂ ಅಷ್ಟೂ ಕೆಲಸ ಕೆಟ್ಟಿತು. ನೌಕಾಪಡೆಯವರು ನುಗ್ಗಲು ಹಿಂಜರಿಯುತ್ತಾರೆ. ಹಾಗಾಗಿ ಡ್ರಿಲ್ ಇದ್ದಾಗ 'ಮತ್ತದೇ ನಾಟಕ' ಎಂದು ಸುಮ್ನೆ ಕೈಕಾಲು ಎಳೆಯಬಾರದು ಎಂದು ತಮ್ಮನಿಗೆ ಹೇಳಿ.

ಈಗ ನೈಜೀರಿಯಾ, ಅಂದರೆ ಗಿನಿ ಕೊಲ್ಲಿ. ಅಲ್ಲಿಯ ಪದ್ಧತಿಯೇ ಬೇರೆ. ಸೊಮಾಲಿಯಾದಲ್ಲಿ ಹಡಗನ್ನೇ ದಡಕ್ಕೆ ತಂದು ಲಂಗರು ಹಾಕಿ ತಿಂಗಳುಗಟ್ಟಲೆ ಇಟ್ಟುಕೊಳ್ಳಬಹುದಿತ್ತು, ಕೇಳುವವರಿರಲಿಲ್ಲ. ನೈಜೀರಿಯಾದಲ್ಲಿ ಸರ್ಕಾರ ಇದೆ, ಅಷ್ಟು ದೊಡ್ಡ ಹಡಗನ್ನು ಬಚ್ಚಿಡಲು ಆಗುವುದಿಲ್ಲ. ಹಾಗಾಗಿ ಹಡಗು ಬಿಟ್ಟು ಮನುಷ್ಯರನ್ನು ಒಯ್ಯುತ್ತಾರೆ. ನೈಜರ್ ನದೀಮುಖದ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ನಡುವಿನ ಕೆಸರು ಕಾಲುವೆಗಳಲ್ಲಿ ಕೂಡಿಹಾಕುತ್ತಾರೆ. ನಿಮ್ಮ ಅಘನಾಶಿನಿ ಅಳಿವೆಯ ಕಾಂಡ್ಲಾ ನೋಡಿದ್ದೀರಲ್ವಾ? ಅಂಥದ್ದೇ, ದಿನಗಟ್ಟಲೆ ದೋಣಿ ಓಡಿಸಿದರೂ ಮುಗಿಯದಷ್ಟು.

2019ರ ಡಿಸೆಂಬರಿನಲ್ಲಿ ಎರಡೇ ವಾರದೊಳಗೆ ಅಲ್ಲಿ 38 ಭಾರತೀಯರು ಅಪಹರಣಕ್ಕೊಳಗಾದರು. 'ನೇವ್ ಕಾನ್‌ಸ್ಟಲೇಷನ್' ಎಂಬ ದೈತ್ಯ ಟ್ಯಾಂಕರಿನಿಂದ 18 ಜನ, 'ಡ್ಯೂಕ್' ಎಂಬ ಟ್ಯಾಂಕರಿನಿಂದ 20 ಜನ. ಮೊದಲಿನವರು ಮೂರು ವಾರದಲ್ಲಿ ಹೊರಬಂದರು. ಎರಡನೆಯವರಲ್ಲಿ 19 ಜನ 2020ರ ಜನವರಿಯಲ್ಲಿ ಬಂದರು, ಒಬ್ಬರು ಸೆರೆಯಲ್ಲೇ ತೀರಿಕೊಂಡರು. 2020ರಲ್ಲಿ ಜಗತ್ತಿನಾದ್ಯಂತ ಅಪಹರಣವಾದ 135 ನಾವಿಕರಲ್ಲಿ 130 ಜನ ಈ ಒಂದು ಕೊಲ್ಲಿಯವರು. ಸಿಟಡೆಲ್ ಇದ್ದರೆ ಸಾಕು ಎನ್ನುವವರಿಗೆ 2021ರ ಜನವರಿಯ 'ಮೊಜಾರ್ಟ್' ಹಡಗಿನ ಉದಾಹರಣೆ ಕೊಡುತ್ತೇನೆ. ಅಲ್ಲಿ ಕಳ್ಳರು ಗಂಟೆಗಟ್ಟಲೆ ಕೂತು ಸಿಟಡೆಲ್ಲನ್ನೇ ಒಡೆದರು. ಒಬ್ಬ ಇಂಜಿನಿಯರನ್ನು ಕೊಂದು 15 ಜನರನ್ನು ಒಯ್ದರು.

ಅದೇ ವರ್ಷ ನೈಜೀರಿಯಾ 'ಡೀಪ್ ಬ್ಲೂ' ಎಂಬ ಕಾವಲು ಯೋಜನೆ ಶುರು ಮಾಡಿತು, ಹೊರದೇಶದ ನೌಕೆಗಳೂ ಬಂದವು, ಸಂಖ್ಯೆ ಇಳಿಯಿತು. 2024ರಲ್ಲಿ ಆ ಕೊಲ್ಲಿಯಲ್ಲಿ ಅಪಹರಣವಾದವರು 12 ಜನ. 130 ಎಲ್ಲಿ, 12 ಎಲ್ಲಿ. ಅಮ್ಮನಿಗೆ ಈ ಲೆಕ್ಕ ಹೇಳಿ. ಹಾಗೆಂದು ಶೂನ್ಯವಲ್ಲ. 2025ರ ಮಾರ್ಚಿನಲ್ಲಿ ಅದೇ ಕೊಲ್ಲಿಯ ಸಾವ್ ಟೊಮೆ ದ್ವೀಪದ ಬಳಿ 'ಬಿಟು ರಿವರ್' ಟ್ಯಾಂಕರಿನಿಂದ 10 ಜನರನ್ನು ಒಯ್ದರು, ಅವರಲ್ಲಿ 7 ಜನ ನಮ್ಮವರು. ನೈಜೀರಿಯಾದ ಗಡಿಯೊಳಗೆ ಹಡಗಿನವರು ತಮ್ಮದೇ ಬಂದೂಕಿನ ಕಾವಲು ಇಟ್ಟುಕೊಳ್ಳುವ ಹಾಗಿಲ್ಲ ಎಂಬುದೂ ಗೊತ್ತಿರಲಿ. ಅಲ್ಲಿಯ ನೌಕಾಪಡೆಯ ಬೆಂಗಾವಲನ್ನೇ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು.

ಈಗ ಮಾಲೀಕನ ಮಾತು. ಎರಡು ಹಡಗುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

'ಸ್ಟೋಲ್ಟ್ ವೇಲರ್' ಎಂಬ ಕೆಮಿಕಲ್ ಟ್ಯಾಂಕರನ್ನು 2008ರ ಸೆಪ್ಟೆಂಬರ್ 15ರಂದು ಸೊಮಾಲಿ ಕಳ್ಳರು ಹಿಡಿದರು. 22 ಜನರಲ್ಲಿ 18 ಜನ ಭಾರತೀಯರು. ದೊಡ್ಡ ಕಂಪನಿ. ಮಾತುಕತೆ ನಡೆಯಿತು, ನವೆಂಬರ್ 16ಕ್ಕೆ ಎಲ್ಲರೂ ಬಿಡುಗಡೆಯಾದರು. ಎರಡು ತಿಂಗಳು.

'ಐಸ್‌ಬರ್ಗ್ 1' ಎಂಬ ಇನ್ನೊಂದು ಹಡಗನ್ನು 2010ರ ಮಾರ್ಚ್ 29ರಂದು ಏಡನ್ ಬಂದರಿನ ಹತ್ತಿರವೇ ಹಿಡಿದರು. 24 ಜನ, ಆರು ಭಾರತೀಯರು. ಮಾಲೀಕರು ಕೈಚೆಲ್ಲಿದರು. ಆ ಹಡಗಿನ ಜನ ಸಾವಿರ ದಿನ ಒಳಗಿದ್ದರು. ಒಬ್ಬರು ಜೀವ ಕಳೆದುಕೊಂಡರು, ನಮ್ಮ ದೇಶದ ಒಬ್ಬ ಅಧಿಕಾರಿ ನಾಪತ್ತೆಯಾದವರು ಸಿಗಲೇ ಇಲ್ಲ. ಉಳಿದ 22 ಜನರನ್ನು 2012ರ ಡಿಸೆಂಬರ್ 23ರಂದು ಬಿಡಿಸಿದ್ದು ಸೊಮಾಲಿಯಾದ್ದೇ ಪುಂಟ್‌ಲ್ಯಾಂಡ್ ಪ್ರಾಂತ್ಯದ ಕಡಲ ಪೊಲೀಸರು. ಎರಡು ವಾರ ಮುತ್ತಿಗೆ ಹಾಕಿ ಬಿಡಿಸಿದರು.

ಅದೇ ಕಡಲು, ಅದೇ ಕಳ್ಳರು. ಒಂದರಲ್ಲಿ ಎರಡು ತಿಂಗಳು, ಇನ್ನೊಂದರಲ್ಲಿ ಮೂರು ವರ್ಷಕ್ಕೆ ಮೂರು ತಿಂಗಳು ಕಮ್ಮಿ. ವ್ಯತ್ಯಾಸ ಎಲ್ಲಿಂದ ಬಂತು? ಕಳ್ಳ ಕೇಳುವುದು ದುಡ್ಡು. ದುಡ್ಡು ಇರುವುದು ವಿಮೆಯ ಹತ್ತಿರ. ವಿಮೆ ಮಾಡಿಸಬೇಕಾದವನು ಮಾಲೀಕ. ಹಡಗು ಹಳೆಯದಾಗಿ ಗುಜರಿ ಬೆಲೆಗೆ ಬಂದಿದ್ದು, ವಿಮೆಯೂ ಸರಿಯಿಲ್ಲದಿದ್ದರೆ, ಕೆಲವು ಮಾಲೀಕರಿಗೆ ಅದನ್ನು ಮರೆತುಬಿಡುವುದೇ ಲಾಭ. ಆಗ ಹಡಗಿನ ಜೊತೆ ಅದರೊಳಗಿನ ಜನವೂ ಮರೆತುಹೋಗುತ್ತಾರೆ.

'ಆಲ್ಬೆಡೋ' ಹಡಗಿನ ಕಥೆ ಇನ್ನೂ ಕಷ್ಟ. 2010ರ ನವೆಂಬರಿನಲ್ಲಿ 23 ಜನ ಸಿಕ್ಕಿಬಿದ್ದರು. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಭಾರತ, ಇರಾನಿನವರು. ಒತ್ತಡ ಹಾಕಲು ಕಳ್ಳರು ಒಬ್ಬ ಭಾರತೀಯನನ್ನು ಕೊಂದರು. ಪಾಕಿಸ್ತಾನದಲ್ಲಿ ಜನ ಚಂದಾ ಎತ್ತಿದರು, ಅಲ್ಲಿಯ ಏಳು ಜನ 2012ರಲ್ಲಿ ಮನೆಗೆ ಹೋದರು. ಉಳಿದವರು ಅಲ್ಲೇ. 2013ರ ಜುಲೈಯಲ್ಲಿ ಲಂಗರು ಹಾಕಿದ್ದ ಜಾಗದಲ್ಲೇ ಹಡಗು ಮುಳುಗಿತು, ನಾಲ್ವರು ನೀರುಪಾಲಾದರು. ಕೊನೆಯ 11 ಜನ ಹೊರಬಂದದ್ದು 2014ರ ಜೂನಿನಲ್ಲಿ. 'ನಹಾಮ್ 3' ಎಂಬ ಮೀನುಗಾರಿಕೆ ಹಡಗಿನವರು ಅದಕ್ಕೂ ಹೆಚ್ಚು, ನಾಲ್ಕೂವರೆ ವರ್ಷ ಇದ್ದರು. ಹಸಿವಿಗೆ ಇಲಿ ತಿಂದೆವು ಎಂದು ಬಿಡುಗಡೆಯಾದವರು ಹೇಳಿದರು.

ಮಾಲೀಕ ಒಳ್ಳೆಯವನಾದರೂ ತಪ್ಪಿಸಿಕೊಳ್ಳಲಾಗದ ಸಂಕಟ ಒಂದಿದೆ. 'ಆಸ್ಫಾಲ್ಟ್ ವೆಂಚರ್' ಹಡಗಿನಲ್ಲಿದ್ದ 15 ಜನರೂ ಭಾರತೀಯರು. 2011ರ ಏಪ್ರಿಲಿನಲ್ಲಿ ಒತ್ತೆಹಣ ಕೊಟ್ಟಾಯಿತು. ಕಳ್ಳರು ಹಡಗು ಬಿಟ್ಟರು, ಎಂಟು ಜನರನ್ನು ಬಿಟ್ಟರು, ಏಳು ಜನರನ್ನು ದಡಕ್ಕೆ ಇಳಿಸಿಕೊಂಡು ಹೋದರು. 'ನಿಮ್ಮ ನೌಕಾಪಡೆ ಹಿಡಿದಿರುವ ನಮ್ಮವರನ್ನು ಬಿಡಿ' ಎಂಬುದು ಹೊಸ ಷರತ್ತು. ಆ ಏಳು ಜನ ಊರು ಕಂಡದ್ದು 2014ರ ಅಕ್ಟೋಬರ್ ಕೊನೆಗೆ. ನೌಕಾಪಡೆ ಮಾಡಿದ್ದು ತಪ್ಪು ಎನ್ನುತ್ತಿಲ್ಲ. ಆದರೆ ಕಡಲಲ್ಲಿ ಯಾರೋ ಮಾಡಿದ ಸರಿಯಾದ ಕೆಲಸದ ಬಿಲ್ಲೂ ಕೆಲವೊಮ್ಮೆ ಬಡ ನಾವಿಕನ ಹೆಸರಿಗೇ ಬರುತ್ತದೆ.

ಸಂಬಳದ ವಿಷಯಕ್ಕೆ ಬರೋಣ. ಮೊದಲು ಇದರಲ್ಲಿ ಭಾರೀ ಅನ್ಯಾಯ ನಡೆಯುತ್ತಿತ್ತು. ಕಾಂಟ್ರಾಕ್ಟ್ ಒಂಬತ್ತು ತಿಂಗಳದ್ದು, ಸೆರೆಯಲ್ಲಿದ್ದಾಗಲೇ ಅದು ಮುಗಿಯಿತು, ಹಾಗಾಗಿ ಸಂಬಳ ಬಂದ್ ಎನ್ನುವವರಿದ್ದರು. ನಾವಿಕರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದ ಒಂದಿದೆ, ಎಂಎಲ್‌ಸಿ ಎನ್ನುತ್ತಾರೆ. ಭಾರತ 2015ರಲ್ಲಿ ಅದಕ್ಕೆ ಸೇರಿತು. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳಂತೆ ಹಡಗು ನೋಂದಾಯಿಸಿಕೊಂಡು ಅದಕ್ಕೆ ತಮ್ಮ ಬಾವುಟ ಕೊಡುವ ದೇಶಗಳೂ ಅದರಲ್ಲಿವೆ. 2020ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಕಡಲ್ಗಳ್ಳರ ಕೈಯಲ್ಲಿರುವಷ್ಟು ಕಾಲ ಕಾಂಟ್ರಾಕ್ಟ್ ಜೀವಂತ. ಮುಗಿಯುವ ತಾರೀಖು ದಾಟಿದ್ದರೂ ಸರಿ, ಸಂಬಳ ಕೊಡಲೇಬೇಕು, ಮನೆಗೆ ಕಳಿಸುವ ಪಾಲನ್ನೂ ನಿಲ್ಲಿಸುವಂತಿಲ್ಲ. ಬಿಡುಗಡೆಯಾದ ಮೇಲೆ ಊರಿಗೆ ಕಳಿಸುವ ಖರ್ಚೂ ಕಂಪನಿಯದೇ. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಆದರೆ ಮಾಲೀಕನೇ ಮಾಯವಾದರೆ? ಹಡಗು ಬಿಟ್ಟು ಓಡಿದ ಮಾಲೀಕನ ಲೆಕ್ಕದಲ್ಲಿ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಕೊಡುವ ವಿಮೆ ಕಡ್ಡಾಯ. ಅದರ ಸರ್ಟಿಫಿಕೇಟ್ ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ತಮ್ಮ ಹಡಗು ಹತ್ತಿದ ಮೊದಲ ದಿನವೇ ಅದರ ಫೋಟೋ ತೆಗೆದು ನಿಮಗೆ ಕಳಿಸಲಿ.

ಹೋಗುವುದಿಲ್ಲ ಅನ್ನಬಹುದಾ ಎಂದು ಕೇಳಿದ್ದೀರಿ. ಇದು ಕಾಂಟ್ರಾಕ್ಟಿನ ಮೇಲಿದೆ. ನಾವಿಕರ ಯೂನಿಯನ್‌ಗಳ ಜೊತೆ ಐಬಿಎಫ್ ಎಂಬ ಸಂಬಳ-ಸವಲತ್ತಿನ ಒಪ್ಪಂದ ಇರುವ ಹಡಗುಗಳಲ್ಲಿ, ಯುದ್ಧದಂಥ ಅಪಾಯದ ವಲಯ ಎಂದು ಗುರುತಿಸಿದ ಕಡೆ ಹೋಗಲು ನಾವಿಕ ಒಪ್ಪದೇ ಇರಬಹುದು. ಕಂಪನಿಯ ಖರ್ಚಿನಲ್ಲೇ ವಾಪಸ್ ಬರಬಹುದು. ಹೋದರೆ ಆ ದಿನಗಳಿಗೆ ಮೂಲ ವೇತನದಷ್ಟೇ ಹೆಚ್ಚುವರಿ ಬೋನಸ್, ಸಾವು ಅಥವಾ ಅಂಗವೈಕಲ್ಯಕ್ಕೆ ದುಪ್ಪಟ್ಟು ಪರಿಹಾರ. ಯಾವ ಕಡಲು ಆ ಪಟ್ಟಿಯಲ್ಲಿದೆ ಎಂಬುದು ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಯೂನಿಯನ್ ಆಫೀಸಿನಲ್ಲಿ ಕೇಳಲಿ. ಇನ್ನೊಂದು ಮಾತು ಹೇಳಲೇಬೇಕು. ಮೊದಲ ಹಡಗಿನ ವೈಪರ್ ಹುಡುಗ ಕ್ಯಾಪ್ಟನ್ ಎದುರು ನಿಂತು 'ನಾನು ಬರುವುದಿಲ್ಲ' ಎನ್ನುವುದು ಸುಲಭವಲ್ಲ. ಮುಂದೆ ಕೆಲಸ ಸಿಗಲಿಕ್ಕಿಲ್ಲ ಎಂಬ ಹೆದರಿಕೆ ಇರುತ್ತದೆ. ನಾನೇ ಆ ವಯಸ್ಸಿನಲ್ಲಿ ಬಾಯಿ ಬಿಡಲಿಲ್ಲ. ಅದಕ್ಕೇ ಈ ನಿರ್ಧಾರ ಮನೆಯಲ್ಲಿ, ಸಹಿ ಹಾಕುವ ಮೊದಲೇ ಆಗಬೇಕು.

ಮನೆಯವರ ಬಗ್ಗೆ ಒಂದು ಕಹಿ ಸಂಗತಿ. ಕಳ್ಳರು ಒತ್ತೆಯಾಳಿನ ಕೈಗೆ ಸ್ಯಾಟಲೈಟ್ ಫೋನ್ ಕೊಟ್ಟು ಮನೆಗೆ ಮಾತಾಡಿಸುತ್ತಾರೆ. ಕೆಲವೊಮ್ಮೆ ಹೊಡೆಯುತ್ತಲೇ ಮಾತಾಡಿಸುತ್ತಾರೆ. ಅದು ಲೆಕ್ಕ ಹಾಕಿ ಮಾಡುವ ಕೆಲಸ. ಹೆದರಿದ ತಾಯಿ ಕಂಪನಿಯ ಮೇಲೆ ಒತ್ತಡ ಹಾಕುತ್ತಾಳೆ, ಟಿವಿಯವರ ಮುಂದೆ ಅಳುತ್ತಾಳೆ, ಬೆಲೆ ಏರುತ್ತದೆ. ಅಂಥ ಕರೆ ಬಂದರೆ ಜಗಳ ಬೇಡ, ಚೌಕಾಸಿ ಬೇಡ, 'ದುಡ್ಡಿನ ಮಾತು ಕಂಪನಿ ಹತ್ತಿರ ಆಡಿ' ಎಂದಷ್ಟೇ ಹೇಳಿ, ಮಗನಿಗೆ ನಾಲ್ಕು ಧೈರ್ಯದ ಮಾತು ಹೇಳಿ ಇಡಬೇಕು. ಹೇಳುವುದು ಸುಲಭ, ಗೊತ್ತು. ಆದರೆ ಮನೆಯಲ್ಲಿ ಒಬ್ಬರು ಫೋನ್ ತೆಗೆಯುವವರು ಎಂದು ಮೊದಲೇ ಗೊತ್ತು ಮಾಡಿಕೊಳ್ಳಬಹುದು. ನಿಮ್ಮ ಮನೆಯಲ್ಲಿ ಅದು ಅಮ್ಮ ಆಗಬಾರದು, ನೀವಾಗಬೇಕು. ಕಂಪನಿಯ ದಾಖಲೆಯಲ್ಲಿ ನಿಮ್ಮ ನಂಬರ್ ಕೊಡಲಿ.

ಬಿಡುಗಡೆಯಾದ ಮೇಲೂ ಮುಗಿಯುವುದಿಲ್ಲ. ಸೆರೆಯಿಂದ ಬಂದವರನ್ನು ವರ್ಷಗಳ ನಂತರ ಮಾತಾಡಿಸಿ 2016ರಲ್ಲಿ ಒಂದು ಅಧ್ಯಯನ ಬಂತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮನಸ್ಸಿನ ಗಾಯ ಆರಿರಲಿಲ್ಲ: ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಸುಮ್ಮಸುಮ್ಮನೆ ಸಿಟ್ಟು. ಅದನ್ನು ತಿರುಗಿಸಿ ಓದಿದರೆ ನಾಲ್ವರಲ್ಲಿ ಮೂವರು ಸುಧಾರಿಸಿಕೊಂಡರು ಎಂದೂ ಆಗುತ್ತದೆ. ಆದರೆ ನಮ್ಮ ಕಡೆ ಗಂಡಸು ಡಾಕ್ಟರ ಹತ್ತಿರ ಹೋಗಿ 'ಹೆದರಿಕೆಯಾಗುತ್ತದೆ' ಎನ್ನುವುದಿಲ್ಲ. ಮೆಡಿಕಲ್‌ನಲ್ಲಿ ಗೊತ್ತಾದರೆ ಮತ್ತೆ ಹಡಗು ಸಿಗುವುದಿಲ್ಲ ಎಂದು ಮುಚ್ಚಿಡುತ್ತಾನೆ. ಸಾಲ ತೀರಿಸಲು ಅದೇ ಕಡಲಿಗೆ ಮತ್ತೆ ಹೋಗುತ್ತಾನೆ.

ಕಳ್ಳರ ಭಯದ ಬೆಲೆ ಬೇರೆ ದಾರಿಯಲ್ಲೂ ಬರುತ್ತದೆ. ಒಂದು ಕಾಲದಲ್ಲಿ ಅಪಾಯದ ವಲಯದ ಗೆರೆಯನ್ನು 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಎಳೆದಿದ್ದರು. ನಿಮ್ಮ ಕುಮಟಾದ ಕಡಲೂ ಅದರೊಳಗೇ ಇತ್ತು! ಆ ಕಾರಣಕ್ಕೇ ನಮ್ಮ ದಡದ ಹತ್ತಿರವೂ ಹಡಗುಗಳಲ್ಲಿ ಬಂದೂಕು. 2012ರ ಫೆಬ್ರವರಿ 15ರಂದು 'ಎನ್ರಿಕಾ ಲೆಕ್ಸಿ' ಹಡಗಿನ ಇಟಲಿಯ ಸೈನಿಕರು ಕೇರಳದ ಆಚೆ ಇಬ್ಬರು ಮೀನುಗಾರರನ್ನು ಕಳ್ಳರೆಂದು ಗುಂಡಿಟ್ಟು ಕೊಂದರು. ಇನ್ನು 'ಹೀರೋಯಿಕ್ ಇಡುನ್' ಟ್ಯಾಂಕರಿನದು ತಿರುಗಾಮುರುಗಾ ಕಥೆ. 2022ರ ಆಗಸ್ಟಿನ ಒಂದು ರಾತ್ರಿ ನೈಜೀರಿಯಾದ ಹೊರಗೆ ಗುರುತು ತೋರಿಸದ ದೋಣಿಯೊಂದು ಹತ್ತಿರ ಬಂತು. ಕಳ್ಳರೆಂದು ತಿಳಿದು ಹಡಗು ಓಡಿತು. ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಅದು ನೌಕಾಪಡೆಯ ದೋಣಿಯಾಗಿತ್ತು. ಎಣ್ಣೆ ಕದಿಯಲು ಬಂದವರು ಎಂಬ ಆರೋಪ ಹೊತ್ತು 26 ಜನ, ಅವರಲ್ಲಿ 16 ಭಾರತೀಯರು, ಒಂಬತ್ತು ತಿಂಗಳು ಎರಡು ದೇಶಗಳ ಬಂಧನದಲ್ಲಿ ಕಳೆದರು.

ಹಾಗಾದರೆ ನೀವು ಈ ವಾರ ಏನು ಮಾಡಬೇಕು? ಪ್ರತಿ ಹಡಗಿಗೂ ಏಳು ಅಂಕಿಯ ಐಎಂಒ ನಂಬರ್ ಇರುತ್ತದೆ. ಹೆಸರು ಬದಲಾದರೂ, ಬಾವುಟ ಬದಲಾದರೂ ಅದು ಬದಲಾಗುವುದಿಲ್ಲ. ಏಜೆಂಟ್ ಹತ್ತಿರ ಅದನ್ನು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಇಕ್ವಾಸಿಸ್ ಎಂಬ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಮಾಲೀಕ ಯಾರು, ಹಡಗಿಗೆ ಎಷ್ಟು ವಯಸ್ಸು, ಯಾವ ಬಂದರಿನಲ್ಲಿ ತಡೆದಿದ್ದರು, ಯಾವ ಪಿ ಅಂಡ್ ಐ ಕ್ಲಬ್ಬಿನ (ಹಡಗು ಮಾಲೀಕರ ವಿಮಾ ಸಂಘದ) ವಿಮೆ ಇದೆ ಎಂದು ತೋರಿಸುತ್ತದೆ. ಬಿಟ್ಟಿ, ಹೆಸರು ನೋಂದಾಯಿಸಿದರೆ ಸಾಕು. ಮೂರು ವರ್ಷದಲ್ಲಿ ಮೂರು ಹೆಸರು, ಮೂರು ಬಾವುಟ ಆಗಿದ್ದರೆ ದೂರ ಇರಿ. ನಾವಿಕರನ್ನು ಕೆಲಸಕ್ಕೆ ಕಳಿಸಲು ಬೇಕಾದ ಆರ್‌ಪಿಎಸ್‌ಎಲ್ ಲೈಸೆನ್ಸ್ ಏಜೆಂಟ್‌ಗೆ ಇದೆಯಾ ಎಂದು ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಕೆಲಸಕ್ಕೆ ಲಕ್ಷಗಟ್ಟಲೆ ದುಡ್ಡು ಕೇಳಿದ್ದರೆ ಅದು ಕಾನೂನಿಗೆ ವಿರುದ್ಧ. ಅಂಥವನು ಕಳಿಸುವ ಹಡಗು ಎಂಥದ್ದಿರುತ್ತದೆ ಎಂದು ಊಹಿಸಿಕೊಳ್ಳಿ. ಜಗತ್ತಿನಲ್ಲಿ ಮಾಲೀಕರು ನಡುನೀರಿನಲ್ಲಿ ಬಿಟ್ಟುಹೋದ ನಾವಿಕರಲ್ಲಿ ಈಚಿನ ವರ್ಷಗಳಲ್ಲಿ ನಮ್ಮವರೇ ಜಾಸ್ತಿ. ಹೆಚ್ಚಿನವರು ಕಳ್ಳರನ್ನು ಕಂಡೇ ಇಲ್ಲ.

ನಂಬರ್ ಸರಿಯಿದ್ದರೆ, ಮಾಲೀಕ ಗಟ್ಟಿಯಿದ್ದರೆ, ತಮ್ಮ ಹೋಗಲಿ. ಕಾಂಟ್ರಾಕ್ಟಿನ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಹಡಗು ಎಲ್ಲಿದೆ ಎಂದು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಬೇಡ ಎಂದು ಹೇಳಿ. ಮತ್ತೆ ಅಮ್ಮನಿಗೆ ಈಗಲೇ ತಿಳಿಸಿಬಿಡಿ: ಅಪಾಯದ ಕಡಲು ದಾಟುವಾಗ ಎಷ್ಟೋ ಹಡಗುಗಳಲ್ಲಿ ಎಲ್ಲರಿಗೂ ಎರಡೆರಡು ಪಾಳಿ ಕಾವಲು ಇರುತ್ತದೆ, ಮೂರು ನಾಲ್ಕು ದಿನ ಫೋನ್ ಬಾರದೇ ಇರಬಹುದು. ಆ ದಿನಗಳು ಯಾವುವು ಎಂದು ತಮ್ಮ ಮೊದಲೇ ನಿಮಗೆ ಹೇಳಿಟ್ಟಿರಲಿ.